ವಾರೆ ಪಟ್ಟಿಯ ಜೆರ್ಸಿ

ಹದಿನೆಂಟು ವರ್ಷ ನಾನು ವಿಮಾನಗಳಿಗೆ ಬಣ್ಣ ಹೊಡೆದಿದ್ದೇನೆ. ಈ ಮಾತು ಕಿವಿಗೆ ಬಿದ್ದ ತಕ್ಷಣ ಜನ ಕೇಳುವುದು ಒಂದೇ ಪ್ರಶ್ನೆ: "ಬ್ರಷ್ಷಲ್ಲಾ?" ಬ್ರಷ್ಷಿನಲ್ಲಿ ಬಳಿಯಲು ಅದೇನು ಅವರ ಮನೆಯ ಗೇಟೇ? ಮುಖಕ್ಕೆ ಮಾಸ್ಕ್ ಬಿಗಿದು, ಸ್ಪ್ರೇ ಗನ್ ಹಿಡಿದು, ಮೂರು ಮಹಡಿ ಎತ್ತರದ ಅಟ್ಟಣಿಗೆಯ ಮೇಲೆ ನಿಂತು ಮಾಡುವ ಕೆಲಸ ಅದು. ಬಾಲದ ಮೇಲಿನ ಕೊಕ್ಕರೆ, ಹೊಟ್ಟೆಯ ಮೇಲಿನ ಆಳೆತ್ತರದ ಅಕ್ಷರ, ಮೂಗಿನಿಂದ ಬಾಲದವರೆಗೆ ಎಲ್ಲೂ ಮುರಿಯದೆ ಹೋಗುವ ಕೆಂಪು ಗೆರೆ, ಎಲ್ಲ ಈ ಕೈಯಿಂದಲೇ ಆದವು. ಆದರೆ ಅವುಗಳಲ್ಲಿ ಒಂದೇ ಒಂದು ಗೆರೆಯೂ ನನ್ನದಲ್ಲ. ಎಲ್ಲೋ ಕೂತು ಯಾರೋ ಬರೆದ ನಕ್ಷೆ ಬರುತ್ತಿತ್ತು, ನಾವು ಅಳತೆ ಹಿಡಿದು ಇಳಿಸುತ್ತಿದ್ದೆವು. ಕೂದಲೆಳೆಯಷ್ಟು ಆಚೀಚೆಯಾದರೂ ಮೇಸ್ತ್ರಿ ನಮ್ಮ ಚರ್ಮ ಸುಲಿಯುತ್ತಿದ್ದರು.

ಆಮೇಲೆ ಎದೆ ಕೈಕೊಟ್ಟಿತು. ಆ ಬಣ್ಣದ ಗಾಳಿ ಇನ್ನು ಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ನಾನು ಅಕ್ಕನ ಹೊಲಿಗೆ ಶೆಡ್ಡಿಗೆ ಬಂದೆ. ಅಲ್ಲಿ ಎಂಟು ಮೆಷಿನ್ನುಗಳಿವೆ, ಹೊಲಿಯುವುದೆಲ್ಲ ಆಟಗಾರರ ಬಟ್ಟೆ. ಅಕ್ಕನ ಕೈಯ ಹೆಸರು ದೊಡ್ಡದು. ಪಟ್ಟೆ ಬಟ್ಟೆಯನ್ನು ಅವಳು ಜೋಡಿಸಿದರೆ ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕು, ಒಂದು ಪಟ್ಟೆಯೂ ಇನ್ನೊಂದರಿಂದ ತಪ್ಪಿರುವುದಿಲ್ಲ. ಅವಳು ಹೊಲಿಯುತ್ತಾಳೆ, ನಾನು ಕಂಪ್ಯೂಟರಿನಲ್ಲಿ ನಂಬರು, ಹೆಸರು ಕೂರಿಸುತ್ತೇನೆ. ಅದೂ ಯಾರೋ ಕೊಟ್ಟ ಮಾದರಿಯೇ.

ಹೀಗಿರುವಾಗ ನಮ್ಮೂರಿನ ಫುಟ್ಬಾಲ್ ಕ್ಲಬ್ಬು ಹೊಸ ಜೆರ್ಸಿ ಬೇಕೆಂದಿತು. ಕ್ಲಬ್ಬಿನ ಮೈದಾನ ಇರುವುದು ವಿಮಾನಗಳು ಇಳಿಯುವ ದಾರಿಯ ಸರಿಯಾಗಿ ಕೆಳಗೆ. ಹತ್ತು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ ಹಾಯುತ್ತದೆ, ಆಗ ರೆಫರಿಯ ಸೀಟಿಯೂ ಕೇಳುವುದಿಲ್ಲ. ಆಟಗಾರರು ಅದನ್ನು ಬೈಯದ ದಿನವಿಲ್ಲ. ನನಗೆ ಅಲ್ಲೇ ಹೊಳೆಯಿತು. ಬೈಯುವುದನ್ನು ಬಿಟ್ಟು ಅದನ್ನೇ ಮೈಮೇಲೆ ಹಾಕಿಕೊಳ್ಳಬಾರದೇಕೆ? ಇವರಿಗೆ ವಿಮಾನದ ಬಣ್ಣದ ಜೆರ್ಸಿ ಮಾಡಬೇಕು, ಅದನ್ನು ನಾನೇ ಬರೆಯಬೇಕು. ಒಂದು ಗೆರೆಯಾದರೂ ನನ್ನದು ಅಂತ ಇರಬೇಕು.

"ಆಕಾಶಕ್ಕೆ ಏಣಿ ಹಾಕಬೇಡ. ಯಾವುದೋ ಡಿಸೈನ್ ಏಜೆನ್ಸಿಯವರನ್ನೂ ಕರೆದಿದಾರೆ, ಅವರು ದೊಡ್ಡ ಸ್ಕ್ರೀನ್ ತಂದು ತೋರಿಸ್ತಾರಂತೆ," ಅಂದಳು ಅಕ್ಕ.

"ಹದಿನೆಂಟು ವರ್ಷ ಏಣಿ ಹಾಕ್ಕೊಂಡೇ ಅನ್ನ ತಿಂದಿದೀನಿ ಕಣಕ್ಕ. ನನಗೇನು ಭಯ?"

"ಬಾಯಿಗೇನೂ ಕಮ್ಮಿ ಇಲ್ಲ," ಎಂದು ದಾರ ಪೋಣಿಸತೊಡಗಿದಳು.

ನಾನು ಯಾವ ಕಂಪನಿಯ ಬಣ್ಣವನ್ನೂ ಕದಿಯಲಿಲ್ಲ. ಅವರಿಂದ ಬುದ್ಧಿಯನ್ನಷ್ಟೇ ತೆಗೆದುಕೊಂಡೆ. ವಿಮಾನದ ಹೊಟ್ಟೆಗೆ ಕಡುಬಣ್ಣ ಹೊಡೆದರೆ ಎಣ್ಣೆ, ಮಸಿ ಎದ್ದು ಕಾಣುವುದಿಲ್ಲ. ಹುಲ್ಲಿನ ಮೇಲೆ ಜಾರಿ ಬೀಳುವ ಆಟಗಾರನಿಗೂ ಅದೇ ಸರಿ. ಹಾಗಾಗಿ ಊರಿನ ಪಂದ್ಯಗಳ ಜೆರ್ಸಿಗೆ ಮೇಲೆ ಬಿಳಿ, ಕೆಳಗೆ ಕಡುನೀಲಿ, ನಡುವೆ ಮೈಯನ್ನು ಸುತ್ತಿ ಬರುವ ಕಿತ್ತಳೆ ಪಟ್ಟಿ. ಹೊರಗಿನ ಪಂದ್ಯಗಳಿಗೆ ಬಣ್ಣವನ್ನೇ ಹಚ್ಚದ ಲೋಹದ ವಿಮಾನದ ಬೂದು ಬಣ್ಣ, ಅದರ ಮೇಲೆ ಒಂದು ಕೆಂಪು ಪಟ್ಟಿ. ಗೋಲ್‌ಕೀಪರನದು ಬಾಲದ ಜೆರ್ಸಿ, ದೂರದಿಂದಲೇ ಕಣ್ಣಿಗೆ ಹೊಡೆಯುವ ಹಳದಿ. ಇನ್ನೊಂದು ಉಪಾಯ ನನಗೇ ಬಹಳ ಹಿಡಿಸಿತ್ತು. ವಿಮಾನವನ್ನು ಜನ ಕೆಳಗಿನಿಂದ ನೋಡುತ್ತಾರೆ, ಅದಕ್ಕೇ ಹೆಸರನ್ನು ಹೊಟ್ಟೆಯ ಮೇಲೆ ಬರೆಯುತ್ತಾರೆ. ಆಟಗಾರನನ್ನು ಗ್ಯಾಲರಿಯವರು ಮೇಲಿನಿಂದ ನೋಡುತ್ತಾರೆ. ಕ್ಲಬ್ಬಿನ ಗುರುತನ್ನು ನಾನು ಹೆಗಲ ಮೇಲೆ ಕೂರಿಸಿದೆ. ಸ್ಕ್ರೀನ್ ಹೊತ್ತು ತರುವವರಿಗೆ ಇದು ಹೊಳೆಯುತ್ತಿತ್ತೇ?

ಆದರೆ ನನ್ನ ಜೀವ ಇದ್ದದ್ದು ಆ ಸುತ್ತುಪಟ್ಟಿಯಲ್ಲಿ. ವಿಮಾನ ನಿಲ್ಲಿಸುವ ಹ್ಯಾಂಗರಿಗೆ ಕೆಲಸಕ್ಕೆ ಸೇರಿದ ಮೊದಲ ವಾರ ನಾನು ನೆಲದಿಂದ ಅಳೆದು ಗೆರೆಗೆ ಟೇಪ್ ಅಂಟಿಸಿ ಸರಿಯಾಗಿ ಬೈಸಿಕೊಂಡಿದ್ದೆ. ನಿಂತಿರುವಾಗ ಕೆಲವು ವಿಮಾನಗಳ ಮೂಗು ತುಸು ತಗ್ಗಿರುತ್ತದೆ. ನೆಲವನ್ನು ನಂಬಿ ಗೆರೆ ಎಳೆದರೆ ಅಲ್ಲಿ ಮಟ್ಟ, ಆಕಾಶದಲ್ಲಿ ಸೊಟ್ಟ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಕೆಲಸದಲ್ಲಿ ಮಾತ್ರ ನೆಲ ನಿಜವಾಗ್ಲೂ ಡೊಂಕು. ಕಿಟಕಿ ಸಾಲು ನೋಡಿ ಅಳೆ," ಎಂದಿದ್ದರು ಮೇಸ್ತ್ರಿ. ಜೆರ್ಸಿಗೂ ಇದೇ ನ್ಯಾಯ. ಅದು ಇರುವುದು ಗೂಟಕ್ಕೆ ನೇತುಹಾಕಲಿಕ್ಕಲ್ಲ, ಓಡುವವನ ಮೈಮೇಲೆ. ಓಡುವವನು ಮುಂದಕ್ಕೆ ಬಾಗುತ್ತಾನೆ, ಅವನ ಜೊತೆ ಪಟ್ಟಿಯೂ ಬಾಗುತ್ತದೆ.

ಹಾಗಾಗಿ ನಾಲ್ಕು ಸಂಜೆ ಮೈದಾನದ ಬೇಲಿಯ ಪಕ್ಕದಲ್ಲಿ ನಿಂತೆ. ದಾರದ ತುದಿಗೆ ನಟ್ಟೊಂದನ್ನು ಕಟ್ಟಿ ಇಳಿಬಿಟ್ಟು, ಅದರ ಹಿಂದೆ ಓಡುವವರ ಫೋಟೋ ತೆಗೆದು, ಯಾರ ಬೆನ್ನು ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕಿದೆ. ಆಟಗಾರರು ನನಗೆ ವಿಮಾನದಕ್ಕ ಎಂದು ಹೆಸರಿಟ್ಟರು. ಲೆಕ್ಕ ಕೈಗೆ ಬಂದ ಮೇಲೆ ಪಟ್ಟಿಯನ್ನು ಎದೆಯ ಕಡೆ ತುಸು ಏರಿಸಿ, ಪಕ್ಕೆಯಲ್ಲಿ ಓರೆಯಾಗಿ ಇಳಿಸಿ, ಬೆನ್ನಿನ ಕಡೆ ತಗ್ಗಿಸಿದೆ. ನಿಂತಾಗ ವಾರೆ, ಓಡಿದಾಗ ಮಟ್ಟ. ಬರೆದು ಮುಗಿಸಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ಬೇರೆ ಯಾರು ತಟ್ಟುತ್ತಾರೆ?

ಶನಿವಾರ ಬಟ್ಟೆ ಪ್ರಿಂಟ್ ಆಗಿ ಬಂತು. ಅಕ್ಕ ಮೂರೂ ಜೆರ್ಸಿ ಹೊಲಿಯಲು ಕೂತಳು. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ತೋರಿಸುವುದಿತ್ತು. ನಾನು ಮೊದಲೇ ಹೋದೆ, ಅವಳು ಇಸ್ತ್ರಿ ಮಾಡಿಕೊಂಡು ಹಿಂದೆ ಬಂದಳು.

ಕ್ಲಬ್ಬಿನ ಕೋಣೆಯಲ್ಲಿ ಕಾರ್ಯದರ್ಶಿಗಳು, ಸಮಿತಿಯ ನಾಲ್ಕು ಜನ, ಕ್ಯಾಪ್ಟನ್, ಮತ್ತೆ ಗೋಲ್‌ಕೀಪರ್ ಇದ್ದರು. ಬಾಗಿಲಿನಲ್ಲಿ ನಿಂತರೆ ಬೆಳಕು ಒಳಗೆ ಬಾರದಷ್ಟು ಅಗಲದ ಆಳು ಆತ, ಅದಕ್ಕೇ ಎಲ್ಲರೂ ಗೋಡೆ ಅನ್ನುತ್ತಾರೆ. ಏಜೆನ್ಸಿಯವರು ಸ್ಕ್ರೀನಿನ ಮೇಲೆ ಮಿಂಚು, ಹುಲಿ, ಬೆಂಕಿ ಎಲ್ಲವನ್ನೂ ತೋರಿಸಿ ಹೋಗಿದ್ದರು. ನನ್ನ ಬೆನ್ನ ಹಿಂದೆ ಅಕ್ಕ ಮೂರು ಜೆರ್ಸಿಗಳನ್ನು ಮೊಳೆಗಳಿಗೆ ತೂಗುಹಾಕುತ್ತಿದ್ದಳು, ನಾನು ಸಮಿತಿಯವರತ್ತ ತಿರುಗಿ ಹೆಗಲ ಗುರುತು, ಕಡುಬಣ್ಣದ ಹೊಟ್ಟೆ ಎಲ್ಲ ವಿವರಿಸಿದೆ.

"ನಂಗೆ ಬಾಲ ಅಂಟಿಸಿಬಿಟ್ರಲ್ಲ ವಿಮಾನದಕ್ಕ!" ಅಂದ ಗೋಡೆ, ಹಳದಿ ಜೆರ್ಸಿ ಹಿಡಿದು.

"ಬಾಲ ಇಲ್ದಿದ್ರೆ ವಿಮಾನ ನೇರ ಹೋಗಲ್ಲಪ್ಪ. ಇಡೀ ಟೀಮು ನಿನ್ನ ನಂಬ್ಕೊಂಡಿದೆ," ಎಂದೆ. ಅವನು ಹಿಗ್ಗಿ ಹೀರೇಕಾಯಿಯಾದ.

ಕಾರ್ಯದರ್ಶಿಗಳು ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರು. ಆವತ್ತು ಮಾತ್ರ ಬಿಳಿ-ನೀಲಿ ಜೆರ್ಸಿಯನ್ನು ತಿರುಗಿಸಿ ತಿರುಗಿಸಿ ನೋಡಿ ನೇರವಾಗಿ ಹೇಳಿದರು. "ಇದೇ ಆಗ್ಲಿ. ಆ ಪಟ್ಟಿ ನೋಡಿ, ಒಂದು ಸುತ್ತು ಎಷ್ಟು ಮಟ್ಟವಾಗಿ ಬಂದಿದೆ! ಬೂದು ಜೆರ್ಸಿದು ಮಾತ್ರ ಯಾಕೋ ಸೊಟ್ಟ. ಅದನ್ನೂ ಇದರ ಹಾಗೇ ಸರಿ ಮಾಡ್ಬಿಡಿ ಮೇಡಂ. ಏಜೆನ್ಸಿಯವರಿಗೆ ಬೇಡ ಅಂತ ನಾನೇ ಹೇಳ್ತೀನಿ."

ಎಲ್ಲರೂ ತಲೆಯಾಡಿಸಿದರು. ಮಟ್ಟವಾಗಿ ಬಂದಿದೆಯೇ? ಹತ್ತಿರ ಹೋಗಿ ನೋಡಿದೆ. ಹೌದು, ಎದೆ, ಪಕ್ಕೆ, ಬೆನ್ನು, ಎಲ್ಲ ಕಡೆಯೂ ಪಟ್ಟಿ ಒಂದೇ ಎತ್ತರದಲ್ಲಿತ್ತು. ಹೊಲಿಗೆ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ.

"ಅಕ್ಕ, ಇದೇನೇ?" ಎಂದು ಮೆಲ್ಲಗೆ ಕೇಳಿದೆ.

"ವಾರೆ ಪ್ರಿಂಟ್ ಆಗಿ ಬಂದಿತ್ತು ಕಣೇ," ಅವಳೂ ಪಿಸುಗುಟ್ಟಿದಳು. "ಬೆಳಿಗ್ಗೆ ಎದ್ದು ಬಿಚ್ಚಿ, ಪಕ್ಕೆ ತುಂಡು ಬೇರೆ ಕತ್ತರಿಸಿ, ಬೆನ್ನು ಮೇಲಕ್ಕೆಳೆದು ಕೂರಿಸ್ದೆ. ಗಾಬರಿ ಆಗ್ತೀಯ ಅಂತ ನಿಂಗೆ ಹೇಳ್ಲಿಲ್ಲ. ಬೂದು ಬಟ್ಟೆ ಮಿಕ್ಕಿರ್ಲಿಲ್ಲ, ಇಲ್ದಿದ್ರೆ ಅದನ್ನೂ ಸರಿ ಮಾಡ್ತಿದ್ದೆ."

ಅವಳ ಮುಖದಲ್ಲಿ ತಂಗಿಯ ಮಾನ ಉಳಿಸಿದ ಸಂತೋಷವಿತ್ತು. ತಪ್ಪು ಅವಳದಲ್ಲ. ವಿಮಾನದ ಹ್ಯಾಂಗರಿನಲ್ಲಿ ಓರೆ ಗೆರೆ ಇದ್ದಲ್ಲಿ ಚೀಟಿ ಅಂಟಿಸುತ್ತಿದ್ದೆವು, 'ಇದು ಓರೆಯೇ, ಮುಟ್ಟಬೇಡಿ' ಎಂದು. ಅಪರಿಚಿತರಿಗೆಲ್ಲ ಹದಿನೆಂಟು ವರ್ಷ ಚೀಟಿ ಬರೆದವಳು ಒಡಹುಟ್ಟಿದವಳಿಗೆ ಒಂದು ಮಾತು ಹೇಳಿರಲಿಲ್ಲ.

ಸುಮ್ಮನಿದ್ದರೆ ಗೆದ್ದ ಹಾಗೆಯೇ. ಜೆರ್ಸಿ ನನ್ನ ಹೆಸರಿನಲ್ಲಿ ಬರುತ್ತದೆ, ಅಕ್ಕನಿಗೂ ನೋವಿಲ್ಲ, ಏಜೆನ್ಸಿಯ ಹುಲಿಯೂ ಕಾಡಿಗೆ ವಾಪಸ್ಸು. ಆದರೆ ಅವರು ಮೆಚ್ಚಿದ ಪಟ್ಟಿ ನನ್ನದಾಗಿರಲಿಲ್ಲ. ಅದು ನೆಲವನ್ನು ನಂಬಿ ಎಳೆದ ಗೆರೆ. ಅದನ್ನೇ ನನ್ನದೆಂದು ಒಪ್ಪಿಕೊಂಡರೆ ಹತ್ತೊಂಬತ್ತನೆಯ ವರ್ಷವೂ ಬೇರೆಯವರ ಗೆರೆಯನ್ನೇ ಹೊತ್ತಂತೆ. ನಾನು ಕಾರ್ಯದರ್ಶಿಗಳ ಕಡೆ ತಿರುಗಿದೆ.

"ಸಾರ್, ಸರಿ ಇರೋದು ಬೂದು ಜೆರ್ಸಿ. ಈ ಬಿಳಿ ಜೆರ್ಸಿ ಪಟ್ಟಿ ತಪ್ಪಾಗಿದೆ. ತಪ್ಪು ನಂದು, ಹೊಲಿಯೋರಿಗೆ ನಾನು ವಿವರ ಹೇಳಿರ್ಲಿಲ್ಲ."

ಅಕ್ಕ ನನ್ನತ್ತ ನೋಡಲೇ ಇಲ್ಲ. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲ ಮೇಡಂ, ಸೊಟ್ಟ ಇರೋದನ್ನ ಸರಿ ಅಂತೀರಿ, ಸರಿ ಇರೋದನ್ನ ತಪ್ಪು ಅಂತೀರಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದ್ರೆ ಹೇಗೆ?"

"ಕಾಲು ಎಷ್ಟು ಅಂತ ಓಡಿಸಿ ಎಣಿಸೋಣ ಬನ್ನಿ. ಎರಡನ್ನೂ ಕ್ಯಾಪ್ಟನ್ ಹಾಕ್ಕೊಂಡು ಓಡ್ಲಿ. ನೀವು ಪಕ್ಕದಿಂದ ನೋಡಿ. ಆಮೇಲೂ ಬಿಳಿದೇ ಸರಿ ಅನ್ಸಿದ್ರೆ ನಾನು ಇನ್ನೊಂದು ಮಾತಾಡಲ್ಲ."

ಎಲ್ಲರೂ ಮೈದಾನಕ್ಕೆ ಇಳಿದೆವು. ಕ್ಯಾಪ್ಟನ್ ಬಿಳಿ-ನೀಲಿ ಜೆರ್ಸಿ ತೊಟ್ಟು ಗೋಲಿನಿಂದ ನಡುಗೆರೆಯವರೆಗೆ ಓಡಿದ. ವೇಗ ಹೆಚ್ಚಿದಂತೆ ಮೈ ಬಾಗಿತು, ಕಿತ್ತಳೆ ಪಟ್ಟಿ ಎದೆಯ ಕಡೆ ಕುಸಿದು ಬೆನ್ನಿನ ಕಡೆ ಎದ್ದಿತು.

"ಇದ್ಯಾಕೋ ಮುಗ್ಗರಿಸ್ತಾ ಇರೋ ಹಾಗೆ ಕಾಣ್ತಾನಲ್ಲ," ಅಂದರು ಕಾರ್ಯದರ್ಶಿಗಳು.

"ಮೂಗು ಕೆಳಗೆ ಮಾಡ್ಕೊಂಡು ನೆಲಕ್ಕೇ ಹೋಗ್ತಿದೆ ವಿಮಾನ," ಅಂದ ಗೋಡೆ.

ಕ್ಯಾಪ್ಟನ್ ಬೂದು ಜೆರ್ಸಿ ಹಾಕಿಕೊಂಡ. ನಾನು ಅವನ ಪಕ್ಕೆಯನ್ನು ತೋರಿಸಿ ವಿವರಿಸಲು ಬಾಯಿ ತೆರೆದೆ, ಅಷ್ಟರಲ್ಲಿ ತಲೆಯ ಮೇಲೆ ಒಂದು ವಿಮಾನ ಹಾಯ್ದು ಬಂತು. ನನ್ನ ಮಾತು ನನಗೇ ಕೇಳಿಸಲಿಲ್ಲ. ಕೈ ಮಾಡಿ ಓಡು ಎಂದೆ. ಅವನು ಆ ಸದ್ದಿನಲ್ಲೇ ಓಡಿದ. ಮೊದಲ ನಾಲ್ಕು ಹೆಜ್ಜೆ ಪಟ್ಟಿ ಸೊಟ್ಟಗೇ ಇತ್ತು. ಐದನೆಯದಕ್ಕೆ ಅವನು ಬಾಗಿದ, ಪಟ್ಟಿ ಮಟ್ಟಕ್ಕೆ ಬಂತು. ಆಮೇಲೆ ನಡುಗೆರೆ ದಾಟಿ ಆಚೆಯ ಗೋಲಿನವರೆಗೂ ಅದು ಅಲುಗಲಿಲ್ಲ. ಅವನ ಕೈಕಾಲೆಲ್ಲ ಕುಣಿಯುತ್ತಿದ್ದವು, ಕೆಂಪು ಗೆರೆ ಮಾತ್ರ ನೆಲಕ್ಕೆ ಸಮನಾಗಿ ತೇಲಿಕೊಂಡು ಹೋಯಿತು. ನನ್ನ ಕಣ್ಣು ತುಂಬಿತು, ನಾಚಿಕೆಯೇನೂ ಆಗಲಿಲ್ಲ.

ವಿಮಾನ ದೂರವಾಯಿತು. ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು. "ಎರಡಕ್ಕೂ ಇದೇ ಪಟ್ಟಿ ಹಾಕಿ ಮೇಡಂ. ನಮ್ಮ ಹುಡುಗ್ರು ನಿಂತಾಗ ಸೊಟ್ಟ ಕಂಡ್ರೆ ಕಾಣ್ಲಿ. ನಿಂತ್ಕೊಳ್ಳೋದು ತಪ್ಪು ಅಂತ ಹೇಳ್ತೀನಿ," ಎಂದರು.

ಗೆದ್ದೆ. ಆದರೆ ತಿರುಗಿ ನೋಡಿದರೆ ಅಕ್ಕ ಗ್ಯಾಲರಿಯ ಕೆಳಮೆಟ್ಟಿಲಿನ ಮೇಲೆ ಒಬ್ಬಳೇ ಕೂತಿದ್ದಳು, ಬಿಳಿ ಜೆರ್ಸಿ ಮಡಿಲಲ್ಲಿ. ಹೋಗಿ ಪಕ್ಕದಲ್ಲಿ ಕೂತೆ.

"ಮೂವತ್ತು ವರ್ಷದಲ್ಲಿ ನನ್ನ ಹೊಲಿಗೆ ತಪ್ಪು ಅಂತ ಯಾರೂ ಅಂದಿರ್ಲಿಲ್ಲ," ಅಂದಳು.

"ಹೊಲಿಗೆ ತಪ್ಪು ಅಂತ ನಾನೆಲ್ಲಿ ಅಂದೆ ಅಕ್ಕ? ನಿಂಗೆ ಮೊದಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ನನ್ನ ಮನಸ್ಸಲ್ಲಿರೋದು ನಿಂಗೆ ತಾನಾಗೇ ಗೊತ್ತಿರುತ್ತೆ ಅಂದ್ಕೊಂಡೆ."

"ನಾಲ್ಕು ಜನರ ಮುಂದೆ ಹೇಳ್ಬಿಟ್ಟೆ."

"ಹೌದು," ಎಂದೆ.

ಅವಳು ಮೈದಾನದತ್ತ ನೋಡುತ್ತಿದ್ದಳು. ಕ್ಯಾಪ್ಟನ್ ಇನ್ನೂ ಬೂದು ಜೆರ್ಸಿಯಲ್ಲೇ ಸುಮ್ಮಸುಮ್ಮನೆ ಓಡುತ್ತಿದ್ದ, ಗೋಡೆ ಅವನ ಪಕ್ಕದಲ್ಲಿ ಓಡುತ್ತ ಫೋಟೋ ತೆಗೆಯುತ್ತಿದ್ದ. ಅಕ್ಕನ ಕಣ್ಣು ಪಟ್ಟಿಯ ಹಿಂದೆಯೇ ಆಚೆ ಹೋಗಿ ಈಚೆ ಬಂತು. ಹೊಲಿಗೆಯವಳ ಕಣ್ಣು ಎಷ್ಟು ಹೊತ್ತು ಮುನಿಸಿಕೊಂಡಿದ್ದೀತು?

"ಟೀಮಲ್ಲಿ ಈ ಗೋಡೆಯಂಥ ದಪ್ಪ ಮೈಯವರೂ ಇದಾರೆ," ಕೊನೆಗೆ ಅಂದಳು. "ಆ ಕ್ಯಾಪ್ಟನ್ ಕಡ್ಡಿ. ಇಬ್ಬರಿಗೂ ಒಂದೇ ಓರೆ ಕೊಟ್ರೆ ಆಗುತ್ತಾ?"

ಇದನ್ನು ನಾನು ಯೋಚಿಸಿರಲೇ ಇಲ್ಲ. ಮಾದರಿಯನ್ನು ಒಂದೇ ಅಳತೆಗೆ ಬರೆದಿದ್ದೆ. "ಆಗಲ್ಲ," ಎಂದು ಒಪ್ಪಿಕೊಂಡೆ. "ಮೈ ದಪ್ಪ ಇದ್ದಷ್ಟೂ ಓರೆ ಜಾಸ್ತಿ ಬೇಕು. ಕಡ್ಡಿಗೆ ಮೂರು ಬೆರಳು, ದಪ್ಪ ಮೈಗೆ ನಾಲ್ಕು."

ಅಕ್ಕ ಸೊಂಟದ ಚೀಲದಿಂದ ಚಾಕ್ ತೆಗೆದಳು, ಬಿಳಿ ಜೆರ್ಸಿಯನ್ನು ಮಂಡಿಯ ಮೇಲೆ ಹರಡಿ ಪಕ್ಕೆ ಸವರಿದಳು. ಅಲ್ಲಿಗೇ ನಿಂತಳು.

"ಯಾರ ಬೆರಳು?"

"ಅಂದ್ರೆ?"

"ನನ್ನ ಬೆರಳು ದಪ್ಪ, ನಿಂದು ಸಣ್ಣ. ನನ್ನ ಕೈಲಿ ಅಳೆದ್ರೆ ನನ್ನ ಗೆರೆ ಆಗುತ್ತೆ. ಎಲ್ಲಿ, ಕೈ ಕೊಡು."

ನನ್ನ ಬಲಗೈಯನ್ನು ಹಿಡಿದೆಳೆದು, ಮೂರು ಬೆರಳನ್ನು ಜೋಡಿಸಿ ಬಟ್ಟೆಯ ಮೇಲೆ ಊರಿಸಿದಳು. ನಾನು ಗೆರೆ ನೋಡಲು ಬಾಗಿದೆ, ಕೈ ತುಸು ಜರುಗಿತು. "ಅಲ್ಲಾಡಿಸ್ಬೇಡ," ಎಂದು ಗದರಿ, ಅದನ್ನು ಎಡಗೈಯಿಂದ ಅದುಮಿ ಹಿಡಿದು, ಬೆರಳುಗಳ ಮೇಲೊಂದು ಕೆಳಗೊಂದು ಗುರುತು ಹಾಕಿಕೊಂಡಳು.