ಸ್ವರ್ಣಲತಾ ಇಲ್ಲ ಎಂದದ್ದು

ವೇಣೂರಿನ ಆ ವೃದ್ಧಾಶ್ರಮಕ್ಕೆ ಸ್ವರ್ಣಲತಾ ತಾನಾಗಿ ಬಂದವಳಲ್ಲ. ಮೂಡುಬಿದಿರೆ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟು, ಅರ್ಧ ಊರಿನ ಮದುವಣಗಿತ್ತಿಯರಿಗೆ ರವಿಕೆ ಹೊಲಿದುಕೊಟ್ಟು, ತಾನು ಮಾತ್ರ ಮದುವೆಯ ಗೋಜಿಗೇ ಹೋಗದೆ ಬದುಕಿದ ಹೆಂಗಸು. ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದಾಗ ಅಣ್ಣನ ಮಗ ರೋಹಿತ್, "ನಡೆಯುವ ಹಾಗೆ ಆಗುವವರೆಗೆ ಮಾತ್ರ, ಮಾಮಿ" ಎಂದು ಕಾರಿನಲ್ಲಿ ತಂದು ಬಿಟ್ಟುಹೋದ. ಸೇರಿಸುವಾಗ ಹಾಕಿದ ಸಹಿಯೂ ಅವನದೇ. ಅವಳು ವಾಕರ್ ಹಿಡಿದು ಅಂಗಳ ಸುತ್ತುವಂತಾಗಿ ಎರಡು ಮಳೆಗಾಲ ಕಳೆದರೂ ಅವನು ಕರೆದೊಯ್ಯಲು ಬರಲಿಲ್ಲ. ಅವಳ ಅಂಗಡಿಯಲ್ಲೇ ಅವನ ಹೆಂಡತಿ ತೃಪ್ತಿ ಬ್ಯೂಟಿ ಪಾರ್ಲರ್ ತೆರೆದಿದ್ದಾಳೆ ಎಂಬ ಸುದ್ದಿ ಮಾತ್ರ ಬಂತು.

ಆಶ್ರಮದ ಯಜಮಾನ ಶೋಧನ್ ಮೊದಲು ಲಾಡ್ಜ್ ನಡೆಸುತ್ತಿದ್ದವನು. ಗೇಟಿಗೆ ಹಗಲೂ ಬೀಗ. ಬಿಟ್ಟುಹೋದವರು ಬಂದು ಕೇಳಿದರಷ್ಟೇ ಅದು ತೆರೆಯುವುದು. ಸ್ವರ್ಣಲತಾ ಎಷ್ಟು ಸಲ ಕೇಳಿದರೂ ಅವನದು ಒಂದೇ ಉತ್ತರ: "ರೋಹಿತಣ್ಣ ಹೇಳಲಿ ಅಮ್ಮ, ನಾನೇ ಬಿಡ್ತೇನೆ."

ಅಷ್ಟರಲ್ಲಿ ಸರ್ಕಾರ ಹೊಸ ನಿಯಮ ತಂದಿತು. ಮನೆಯವರ ಸಹಿ ಇನ್ನು ಸಾಲದು; ಆಶ್ರಮದಲ್ಲಿರುವ ಒಬ್ಬೊಬ್ಬರನ್ನೂ ಅಧಿಕಾರಿಗಳು ಒಂಟಿಯಾಗಿ ಕೂರಿಸಿ, ಇಲ್ಲಿರುವುದು ನಿಮ್ಮ ಇಷ್ಟದಿಂದಲೋ ಎಂದು ಕೇಳಬೇಕು.

ಅಧಿಕಾರಿ ಬರುವ ಹಿಂದಿನ ದಿನ ಶೋಧನ್ ಎಲ್ಲರನ್ನೂ ಊಟದ ಕೋಣೆಯಲ್ಲಿ ಸೇರಿಸಿದ. "ಮೇಡಂ ಕೇಳಿದರೆ ಹೌದು ಅಂತ ಹೇಳಿ. ಅಷ್ಟೇ ಸಾಕು. ಒಬ್ಬರು ಇಲ್ಲ ಅಂದರೂ ನನಗೆ ಇದು ಬೇಡ. ಬಾಗಿಲು ಹಾಕಿ ಪುನಃ ಲಾಡ್ಜ್ ಮಾಡ್ತೇನೆ. ಮತ್ತೆ ನೀವುಂಟು, ನಿಮ್ಮ ಸರ್ಕಾರ ಉಂಟು." ಹೇಳುವಾಗ ಅವನ ಕಣ್ಣು ಸ್ವರ್ಣಲತಾಳ ಮೇಲೆಯೇ ಇತ್ತು.

ಕೋಣೆಗೆ ಬಂದ ಮೇಲೆ ಜೊತೆಗಿದ್ದ ಸೈನಬ ಮಾತು ಶುರುಮಾಡಿದಳು. ಬಂಟ್ವಾಳದ ಸೈನಬಳಿಗೆ ಗಂಡನಿಲ್ಲ, ಮಕ್ಕಳಾಗಲಿಲ್ಲ; ಇಲ್ಲಿಗೆ ತಾನೇ ಕೇಳಿಕೊಂಡು ಬಂದವಳು. ಸ್ವರ್ಣಲತಾಳ ಕಾಲಿಗೆ ಎಣ್ಣೆ ತಿಕ್ಕಿ ಮತ್ತೆ ನಡೆಯುವಂತೆ ಮಾಡಿದವಳೂ ಅವಳೇ.

"ಸ್ವರ್ಣಕ್ಕ, ನಾಳೆ ಎಂತ ಹೇಳ್ತೀರಿ?"

"ಇದ್ದದ್ದು ಹೇಳ್ತೇನೆ."

"ನಿಮಗೆ ಹೋಗಲಿಕ್ಕೆ ಮನೆ ಉಂಟು. ನನಗೆ ಈ ಮಂಚ ಬಿಟ್ಟರೆ ಎಂತ ಉಂಟು?"

"ನಿನಗೋಸ್ಕರ ನಾನು ಇಲ್ಲೇ ಸಾಯಬೇಕಾ?"

ಸೈನಬ ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳಗ್ಗೆ ಚಹಾಕ್ಕೂ ಜೊತೆಗೆ ಬರಲಿಲ್ಲ.

ಅಧಿಕಾರಿ ಸಾತ್ವಿಕಾ ಚಿಕ್ಕ ಪ್ರಾಯದವಳು, ಬೆಳ್ತಂಗಡಿಯಿಂದ ಬಂದವಳು. ಬೆಳಗ್ಗಿನಿಂದ ಕೇಳಿದವರೆಲ್ಲ ಹೌದು ಎಂದಿದ್ದರಿಂದ ತಲೆ ಎತ್ತದೆಯೇ ಕೇಳಿದಳು: "ಅಮ್ಮ, ನೀವು ಇಲ್ಲಿ ಇರುವುದು ನಿಮ್ಮ ಇಷ್ಟದಿಂದ ಅಲ್ವಾ?"

"ಅಲ್ಲ."

ಸಾತ್ವಿಕಾ ತಲೆ ಎತ್ತಿದಳು. "ಹಾಗಾದರೆ ಎಲ್ಲಿಗೆ ಹೋಗ್ತೀರಿ?"

"ನನ್ನ ಮನೆಗೆ. ಅಂಗಡಿಯ ಹಿಂದೆ ಎರಡು ಕೋಣೆ ಉಂಟು."

"ಅಲ್ಲಿ ನೋಡಿಕೊಳ್ಳಲಿಕ್ಕೆ ಜನ ಉಂಟಾ?"

"ಇಷ್ಟ ಉಂಟಾ ಅಂತ ಕೇಳಲಿಕ್ಕೆ ಬಂದದ್ದಲ್ವಾ ನೀವು? ಅದಕ್ಕೆ ಉತ್ತರ ಕೊಟ್ಟೆ."

ಬೀಗದ ವಿಷಯ ಕೇಳಿದಾಗ ಅದನ್ನೂ ಮುಚ್ಚಿಡಲಿಲ್ಲ. ಹಿಂದಿನ ದಿನ ಶೋಧನ್ ಕಲಿಸಿದ ಪಾಠವನ್ನೂ ಹೇಳಿಬಿಟ್ಟಳು. ಎಲ್ಲೂ ನಾಲಿಗೆ ತಡವರಿಸಲಿಲ್ಲ.

ಸಾತ್ವಿಕಾ ಫೋನ್ ಮಾಡಿ ರೋಹಿತನನ್ನು ಕರೆಸಿದಳು. ಬಂದವನೇ ಆಫೀಸಿನ ಬಾಗಿಲಲ್ಲಿ ನಿಂತು ಗದರಿದ. "ಊರಿನವರ ಎದುರು ನನ್ನ ಮರ್ಯಾದೆ ತೆಗೆದಿರಿ ಮಾಮಿ. ಇಷ್ಟು ದಿನ ನಿಮ್ಮನ್ನು ಸಾಕಿದ್ದಕ್ಕೆ ಇದಾ?"

"ನೀನು ಸಾಕಲಿಲ್ಲ. ಇಟ್ಟುಬಿಟ್ಟೆ."

"ಮೇಡಂ, ಇವರು ಪುನಃ ಬಿದ್ದರೆ ಯಾರು ಎತ್ತುವುದು? ನಿಮ್ಮ ಸರ್ಕಾರ ಬರ್ತದಾ?"

"ವಾರಕ್ಕೆ ಎರಡು ಸಲ ಮನೆಗೇ ಆರೈಕೆಯವರು ಬರ್ತಾರೆ, ಅದೂ ಈಗ ಉಂಟು," ಎಂದಳು ಸಾತ್ವಿಕಾ. "ಉಳಿದ ದಿನ ಮನೆಯವರೇ ನೋಡಬೇಕು. ಆದರೆ ಇವರನ್ನು ಇಲ್ಲಿ ತಡೆದು ಇಡಲಿಕ್ಕೆ ಇನ್ನು ನಿಮಗೂ ಆಗುವುದಿಲ್ಲ, ಯಜಮಾನರಿಗೂ ಆಗುವುದಿಲ್ಲ."

ಶೋಧನ್ ಬಂದು ಗೇಟು ತೆರೆದ. ಸೈನಬ ಜಗಲಿಯಲ್ಲೇ ಕುಳಿತಿದ್ದಳು. ಸ್ವರ್ಣಲತಾ ಹತ್ತಿರ ಹೋಗಿ, "ಬರ್ತೇನೆ ಸೈನಬಾ" ಎಂದರೆ ಅವಳು ಸೆರಗು ಎಳೆದು ಮುಖ ತಿರುಗಿಸಿದಳು.

ರೋಹಿತ್ ಅವಳನ್ನು ಕಾರಿನಲ್ಲಿ ಮೂಡುಬಿದಿರೆಗೆ ಕರೆತಂದ. ಅಂಗಡಿಯ ಬಾಗಿಲಲ್ಲಿ ತೃಪ್ತಿ ಅಡ್ಡ ನಿಂತಿದ್ದಳು. ಸ್ವರ್ಣಲತಾಳ ಮಲಗುವ ಕೋಣೆಯಲ್ಲಿ ತಲೆ ತೊಳೆಯುವ ಬೇಸಿನ್ ಕೂರಿಸಿಯಾಗಿತ್ತು. ಮಂಚ ಎಲ್ಲಿ ಹೋಯಿತೋ ಯಾರೂ ಹೇಳಲಿಲ್ಲ.

"ಇಲ್ಲಿ ಎಲ್ಲಿ ಮಲಗುವುದು ಮಾಮಿ? ನೀವೇ ನೋಡಿ," ಎಂದಳು ತೃಪ್ತಿ.

"ನೋಡಿದೆ. ಎದುರಿನ ಅಂಗಡಿ ಸದ್ಯಕ್ಕೆ ನಿನಗೇ ಇರಲಿ. ಹಿಂದಿನ ಎರಡು ಕೋಣೆ ಸಂಜೆಯೊಳಗೆ ಖಾಲಿ ಮಾಡು."

"ಆಗುವುದಿಲ್ಲ ಅಂದರೆ?"

"ಬೆಳ್ತಂಗಡಿಯ ಮೇಡಂಗೆ ಹೇಳಿದ್ದನ್ನೇ ಇಲ್ಲಿನ ಠಾಣೆಯಲ್ಲಿ ಹೇಳ್ತೇನೆ. ಈಗ ಅಭ್ಯಾಸ ಆಗಿದೆ ನನಗೆ."

ಗಿರಾಕಿಗಳ ಕುರ್ಚಿಯಲ್ಲಿ ಕುಳಿತವಳು ಸಂಜೆಯವರೆಗೆ ಏಳಲಿಲ್ಲ. ಸೊಂಟ ಸಿಡಿಯುತ್ತಿತ್ತು, ಒಂದು ಲೋಟ ನೀರು ಕೊಡುವವರಿರಲಿಲ್ಲ. ಹುಬ್ಬು ತಿದ್ದಿಸಲು ಬಂದ ಹುಡುಗಿಯರು ಬಾಗಿಲಲ್ಲಿ ಇಣುಕಿ ಹಿಂದಿರುಗಿದರು. ಕೊನೆಗೆ ರೋಹಿತ್ ಬೇಸಿನ್ ಕಿತ್ತು, ಶಿರ್ತಾಡಿಯ ತನ್ನ ಮನೆಯಿಂದ ಹಳೆಯ ಮಂಚ ತಂದು ದಡಾರೆಂದು ಹಾಕಿಹೋದ.

ಆಮೇಲಿನ ದಿನಗಳು ಹಗೆಯಲ್ಲೇ ಕಳೆದವು. ಆರೈಕೆಗೆ ನುಸ್ರತ್ ಎಂಬ ಹುಡುಗಿ ಬರತೊಡಗಿದಳು. ಸ್ನಾನ ಮಾಡಿಸಿ, ಬಿಪಿ ನೋಡಿ ಹೋಗುತ್ತಾಳೆ. ಉಳಿದ ದಿನ ಸ್ವರ್ಣಲತಾ ವಾಕರಿಗೆ ಒರಗಿಯೇ ಗಂಜಿ ಬೇಯಿಸಿಕೊಳ್ಳುತ್ತಾಳೆ. ಗೋಡೆಯಾಚೆ ಪಾರ್ಲರಿನಲ್ಲಿ ತೃಪ್ತಿ, ಇವಳಿಗೆ ಕೇಳಲೆಂದೇ, "ಮುದುಕರಿಗೆ ಕಾನೂನು ಕಲಿಸಿದರೆ ಹೀಗೇ" ಎಂದು ಗಿರಾಕಿಗಳ ಹತ್ತಿರ ಹೇಳಿ ನಗುತ್ತಾಳೆ.

ಶೋಧನ್ ಹೇಳಿದಂತೆಯೇ ಮಾಡಿದ. ಗೇಟಿನ ಬೀಗದ ಬಗ್ಗೆ ಇಲಾಖೆ ಕಳಿಸಿದ ನೋಟಿಸಿಗೆ ಉತ್ತರ ಕೊಡುವ ಬದಲು ಬಾಗಿಲು ಹಾಕಿದ. ಅಲ್ಲಿದ್ದವರನ್ನು ಇಲಾಖೆಯವರು ವ್ಯಾನಿನಲ್ಲಿ ಬೇರೆ ಬೇರೆ ಕಡೆ ಸಾಗಿಸಿದರು. ಸೈನಬಳಿಗೆ ಸಿಕ್ಕಿದ್ದು ಬಂಟ್ವಾಳದ ಆಚೆಗಿನ ದೊಡ್ಡ ಆಶ್ರಮದ ಒಂದು ಹಾಲ್. ಮಂಚಕ್ಕೆ ಮಂಚ ತಾಗಿಕೊಂಡೇ ಇರುವ ಜಾಗ. ಸುದ್ದಿ ತಂದ ನುಸ್ರತ್ ತನ್ನ ಫೋನಿನಿಂದಲೇ ಅಲ್ಲಿಗೆ ಕರೆ ಹಚ್ಚಿಕೊಟ್ಟಳು.

"ಸೈನಬಾ, ನಾನು. ಇಲ್ಲಿ ಒಂದು ಕೋಣೆ ಖಾಲಿ ಉಂಟು. ಬಾ, ಒಟ್ಟಿಗೆ ಇರುವ."

ಆಚೆ ಕಡೆ ತುಂಬಾ ಜನರ ಸದ್ದು. ಸೈನಬಳ ಧ್ವನಿ ಮೆಲ್ಲಗೆ ಬಂತು, ಆದರೆ ಮೆತ್ತಗಿರಲಿಲ್ಲ.

"ಆ ಮೇಡಂ ನನ್ನ ಹತ್ತಿರವೂ ಕೇಳಿದರು ಸ್ವರ್ಣಕ್ಕ. ಇಷ್ಟದಿಂದ ಇದ್ದೇನೆ ಅಂತ ಹೇಳಿದೆ. ನಿಮ್ಮ ಇಲ್ಲ ನಡೆಯಿತು. ನನ್ನ ಹೌದು ಯಾರಿಗೆ ಬೇಕಾಯಿತು?"

"ತಪ್ಪು ಶೋಧನಂದು..."

"ಯಾರದ್ದಾದರೂ ಆಗಲಿ. ನನಗೆ ಇನ್ನು ಫೋನ್ ಮಾಡಬೇಡಿ."

ಫೋನು ಹಿಂದಿರುಗಿಸುವಾಗ ನುಸ್ರತ್ ಏನಾಯಿತೆಂದು ಕೇಳಿದಳು. "ಸ್ನಾನಕ್ಕೆ ನೀರು ಕಾಯಿಸು," ಎಂದಳು ಸ್ವರ್ಣಲತಾ. ಪುನಃ ಯಾರಾದರೂ ಒಂಟಿಯಾಗಿ ಕೂರಿಸಿ ಕೇಳಿದರೂ ತಾನು ಹೇಳುವುದು ಅದನ್ನೇ ಎಂದು ಅವಳಿಗೆ ಗೊತ್ತಿತ್ತು. ಸೈನಬಳೂ ಅದನ್ನು ಬಲ್ಲಳು. ಅದಕ್ಕೇ ಅವಳು ಕ್ಷಮಿಸಲಾರಳು.

"ನೀರು ಬಿಸಿಯಾಯಿತು ಅಜ್ಜಿ," ಎಂದಳು ನುಸ್ರತ್. ಸ್ವರ್ಣಲತಾ ಅವಳ ಭುಜ ಹಿಡಿದು ಎದ್ದಳು.