ಮೂವತ್ತೆಂಟು ಕೋಟಿ ಚಿಲ್ಲರೆ

"ಮೂರು, ಎಂಟು, ಒಂದು, ಆರು, ಐದು, ನಾಲ್ಕು, ಏಳು, ಎರಡು, ಒಂಬತ್ತು," ಎಂದರು ಷಣ್ಮುಖಪ್ಪ ಮೇಷ್ಟ್ರು, ಗಂಜಿಯ ಚಮಚವನ್ನು ಪಕ್ಕಕ್ಕೆ ತಳ್ಳಿ.

"ಶುರುವಾಯ್ತು," ಎಂದ ಮಗ ಯೋಗರಾಜ್.

ಲಕ್ವ ಹೊಡೆದ ಮೇಲೆ ಮೇಷ್ಟ್ರ ಬಾಯಲ್ಲಿ ಉಳಿದದ್ದು ಈ ಒಂಬತ್ತು ಅಂಕಿ ಮಾತ್ರ. ನೀರು ಬೇಕಿದ್ದರೂ ಅದೇ, ಸೊಳ್ಳೆ ಕಚ್ಚಿದರೂ ಅದೇ. ಅರ್ಥವಿಲ್ಲದೆ ಹೀಗೆ ಬರುವುದುಂಟು, ತಲೆ ಕೆಡಿಸಿಕೊಳ್ಳಬೇಡಿ ಎಂದಿದ್ದರು ಡಾಕ್ಟರು. ಯೋಗರಾಜ್ ಕೆಡಿಸಿಕೊಂಡ. ಫೋನ್ ನಂಬರೇ ಇರಬೇಕೆಂದು ಹಿಂದೋ ಮುಂದೋ ಒಂದು ಅಂಕಿ ಸೇರಿಸಿ ಒತ್ತಿ, ಯಾವನೋ ಟೈಲ್ಸ್ ಅಂಗಡಿಯವನಿಂದ ಬೈಸಿಕೊಂಡು ಸುಮ್ಮನಾದ. ಆಮೇಲೆ ವಿದ್ಯಾನಗರದ ಆ ಮನೆಯಲ್ಲಿ ಎಲ್ಲರೂ ಮೇಷ್ಟ್ರ ಎದುರಿಗೇ, ಅವರು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಮಾತಾಡತೊಡಗಿದರು.

ಭದ್ರಾವತಿಯಿಂದ ಬಂದುಹೋಗುತ್ತಿದ್ದ ಮಗಳು ವೀಣಾಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅಪ್ಪನಿಗೆ ತಿಳಿಯುತ್ತದೆಯೋ ಇಲ್ಲವೋ, ಅವಳಿಗೆ ಅದೊಂದು ಗೊತ್ತಾಗಬೇಕಿತ್ತು.

ಅವತ್ತು ಅವಳು ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಅಂಕಿಗಳನ್ನು ಬರೆದಳು. ಒಂದರಿಂದ ಒಂಬತ್ತರವರೆಗೆ ಎಲ್ಲವೂ ಇದ್ದವು, ಯಾವುದೂ ಎರಡು ಸಲ ಬಂದಿರಲಿಲ್ಲ. ಬಡಬಡಿಕೆಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು? ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಅಪ್ಪ ಬಸ್ ಟಿಕೆಟ್ಟಿನ ನಂಬರನ್ನೂ ಬಿಡದೆ ಭಾಗಿಸುತ್ತಿದ್ದವರು. ಅವಳೂ ಭಾಗಿಸಿದಳು. ಒಂಬತ್ತರಿಂದ ಶೇಷವಿಲ್ಲದೆ ಹೋಯಿತು. ಕೊನೆಯ ಅಂಕಿಯನ್ನು ಹೆಬ್ಬೆರಳಿನಿಂದ ಮುಚ್ಚಿದಳು. ಉಳಿದ ಎಂಟು ಅಂಕಿಯ ಸಂಖ್ಯೆ ಎಂಟರಿಂದ ಹೋಯಿತು. ಇನ್ನೊಂದನ್ನು ಮುಚ್ಚಿದಳು. ಏಳು ಹಾಗೆಲ್ಲ ಸುಲಭಕ್ಕೆ ಬಗ್ಗುವುದಲ್ಲ. ಅದರಿಂದಲೂ ಹೋಯಿತು. ವೀಣಾಗೆ ಖುಷಿಯ ಜೊತೆಗೆ ಭಯವೂ ಆಯಿತು.

"ಅಣ್ಣ, ಬಾ ಇಲ್ಲಿ. ಮೊದ್ಲ ಎರಡಂಕಿ ಮೂವತ್ತೆಂಟು, ಎರಡರಿಂದ ಹೋಗುತ್ತೆ. ಮೂರಂಕಿ ತಗೋ, ಮುನ್ನೂರ ಎಂಬತ್ತೊಂದು, ಮೂರರಿಂದ. ಹಿಂಗೇ ಒಂಬತ್ತರ ತನಕ. ಎಲ್ಲೂ ಶೇಷ ಉಳಿಯಲ್ಲ."

"ಅದ್ರಿಂದ ಏನೇ ಉಪಯೋಗ?" ಎಂದರು ತಾಯಿ ಲಿಂಗಮ್ಮ.

"ಏನೂ ಇಲ್ಲಮ್ಮ. ಚೆನ್ನಾಗಿದೆ, ಅಷ್ಟೆ."

ವೀಣಾ ಅಪ್ಪನ ಕಡೆ ತಿರುಗಿ ಸಂಖ್ಯೆಯನ್ನು ಓದಿದಳು. ಕೊನೆಯಲ್ಲಿ ಬೇಕೆಂದೇ ಏಳು, ಎರಡು ಎನ್ನುವ ಬದಲು ಎರಡು, ಏಳು ಎಂದಳು. ಮೇಷ್ಟ್ರು ಎಡಗೈಯಿಂದ ಮಂಚವನ್ನು ಬಡಿದರು.

"ನೋಡಿದ್ಯಾ?"

"ಬಾಯಿಪಾಠ ಮಾರಾಯ್ತಿ," ಎಂದ ಯೋಗರಾಜ್. ಅವನ ದನಿ ಮೆತ್ತಗಾಗಿತ್ತು. "ಆಸೆ ಇಟ್ಕೋಬೇಡ. ಗಿಣಿಗೂ ತಪ್ಪು ಹೇಳಿದ್ರೆ ಗೊತ್ತಾಗುತ್ತೆ."

ಅವನು ಹೇಳಿದ್ದರಲ್ಲೂ ಹುರುಳಿತ್ತು. ವೀಣಾಗೆ ಅಳು ಬಂತು. ಹಾಳೆಯನ್ನು ಅಪ್ಪನ ಮುಂದೆ ಹಿಡಿದು, "ಒಂಬತ್ತಕ್ಕೆ ಮುಗೀತು, ಅಲ್ವಾ ಅಪ್ಪ?" ಎಂದಳು.

ಮೇಷ್ಟ್ರು ಅಂಕಿ ಹೇಳಲಿಲ್ಲ. ಹಾಳೆಯನ್ನೇ ನೋಡುತ್ತ ಎಡಗೈ ಎತ್ತಿ, ಹೆಬ್ಬೆರಳನ್ನೂ ತೋರುಬೆರಳನ್ನೂ ದುಂಡಗೆ ಕೂಡಿಸಿ ಹಿಡಿದರು.

"ಮಾತ್ರೆ ಕೇಳ್ತಿದಾರೆ," ಎಂದು ಲಿಂಗಮ್ಮ ಎದ್ದರು.

"ಇರಮ್ಮ."

ವೀಣಾ ಒಂಬತ್ತರ ಪಕ್ಕದಲ್ಲಿ ಒಂದು ಸೊನ್ನೆ ಬರೆದಳು. ಈಗ ಹತ್ತು ಅಂಕಿ. ಹತ್ತರಿಂದಲೂ ಶೇಷವಿಲ್ಲದೆ ಹೋಗುತ್ತಿತ್ತು. ಹಾಳೆಯನ್ನು ತಿರುಗಿಸಿ ತೋರಿಸಿದಾಗ ಮೇಷ್ಟ್ರ ಬೆರಳುಗಳು ಮೆಲ್ಲಗೆ ಬಿಡಿಸಿಕೊಂಡವು.

ಯೋಗರಾಜ್ ಮಂಚದ ಹತ್ತಿರ ಬಂದ.

"ಅಪ್ಪ, ಫ್ಯಾನು ಜೋರಾಯ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯುತ್ತ ನಿಂತ.