ದಸ್ಕತ್ತು ಬಲ್ಲವಳು

ಹಂಪಣ್ಣ ಟಾಕನ್ನು ಮಸಿಯ ದೌತಿಯಲ್ಲಿ ಅದ್ದಿ ಅಣ್ಣನ ಮಗಳು ಪಾರ್ವತೆಮ್ಮನ ಮುಂದೆ ಹಿಡಿದ. ಅವಳ ಬೆನ್ನ ಹಿಂದೆ, ಗೋಡೆಗೆ ಒರಗಿಸಿ ಕೂರಿಸಿದ್ದ ತಾಯಿ ಗುರುಲಿಂಗಮ್ಮನ ಹೆಣದ ಹಣೆಗೆ ಹೆಂಗಸರು ವಿಭೂತಿ ಬಳಿಯುತ್ತಿದ್ದರು. ಹೊರಗೆ ಅಂಗಳದಲ್ಲಿ ಭಜನೆ ನಡೆದಿತ್ತು.

“ಇದೊಂದು ದಸ್ಕತ್ತು ಹಾಕವ್ವ,” ಎಂದ, ದನಿ ತಗ್ಗಿಸಿ. “ಈ ಮನಿ ನನ್ನ ಹೆಸರಿಗೆ ಆತಂದ್ರ ನಿಮ್ಮವ್ವಗ ಹೊಲದಾಗ ನಿಮ್ಮಪ್ಪನ ಬಾಜೂಕ ಜಾಗ. ಇಲ್ಲಾಂದ್ರ ಊರ ಸ್ಮಶಾನ ಐತಿ.”

“ಹೆಣದ ಮುಂದ ಕಾಗದ ತರ್ತೀಯೇನು ಕಾಕಾ?”

“ಹೊಲ ನಂದು. ಕುಣಿ ತೋಡ್ಸಿದಾಂವನೂ ನಾನ. ಹೊತ್ತು ಏರಾಕತ್ತೈತಿ, ಲಗೂ ಮಾಡು.”

ಮೂಲೆಯಲ್ಲಿದ್ದ ನೆರೆಮನೆಯ ರಮಜಾನಬಿ ತಲೆಯೆತ್ತಿದಳು. “ಕೈಯಾಗಿನ ಕುಣಿ ಮಣ್ಣಾದ್ರೂ ತೊಳಕೊಂಡು ಬಂದೀಯೋ ಇಲ್ಲೋ ಹಂಪಣ್ಣ?”

*

ಗುರುಲಿಂಗಮ್ಮನಿಗೆ ಹೆಸರು ಬರೆಯಲು ಕಲಿಸಿದವನು ರಮಜಾನಬಿಯ ಗಂಡ ಹುಸೇನ್‌ಸಾಬ್. ನಿಜಾಮರ ಆಳಿಕೆ ಮುಗಿದ ವರ್ಷ, ವಿಧವೆಯಾದ ಹೊಸತರಲ್ಲಿ, ಅಂಗಳದ ಮಣ್ಣಿನ ಮೇಲೆ ಬೆರಳಾಡಿಸಿ ಉರ್ದುವಿನಲ್ಲಿ ಕಲಿತಳು.

“ದಸ್ತ್ ಅಂದ್ರ ಕೈ, ಖತ್ ಅಂದ್ರ ಬರಹ. ಫಾರಸಿ ಮಾತು ತಂಗೀ. ನಿನ್ನ ಕೈಯಾಗಿಂದು, ಯಾರೂ ಕಸಗೊಳ್ಳಾಕ ಆಗೂದಿಲ್ಲ,” ಎಂದಿದ್ದ ಅವನು. ಮಸ್ಕಿ ಸೀಮೆಯ ಬಾಯಲ್ಲಿ ಅದು ದಸ್ಕತ್ತಾಗಿತ್ತು. ತನ್ನ ಹೆಸರಿನ ಹೊರತು ಬೇರೊಂದು ಅಕ್ಷರ ಅವಳಿಗೆ ಬರುತ್ತಿರಲಿಲ್ಲ.

ಮರುವರ್ಷ ಹಂಪಣ್ಣ ತಂದ ಕಾಗದಕ್ಕೆ, ಕಂದಾಯದ್ದೆಂಬ ಅವನ ಮಾತು ನಂಬಿ, ಹೆಮ್ಮೆಯಿಂದ ಹೆಸರು ಬರೆದಳು. ಹೊಲ ಹೋಯಿತು.

ಲಿಂಗಸುಗೂರಿನ ವಕೀಲ ತಲೆಯಲ್ಲಾಡಿಸಿದ. “ಹೆಬ್ಬಟ್ಟು ಒತ್ತಿದ್ರ ನಾಕ್ ಮಂದಿ ಮುಂದ ಓದಿ ಹೇಳಬೇಕಾಗ್ತಿತ್ತು. ದಸ್ಕತ್ತು ಹಾಕಿದಾಕಿ ಓದೇ ಹಾಕ್ಯಾಳ ಅಂತಾರ. ನಿನ್ನ ಕೈಯೇ ನಿನ್ನ ಕಟ್ಟಿಹಾಕೈತಿ ತಾಯಿ.”

ಅಂದಿನಿಂದ ಅವಳು ಅದೇ ಹೊಲದಲ್ಲಿ, ಗಂಡನ ಸಮಾಧಿಯ ಸುತ್ತ, ಮೈದುನನ ಕೂಲಿಯಾಗಿ ಕಳೆ ಕಿತ್ತಳು.

*

“ಹೆಣ ಎತ್ತೂಣೇನ್ರೀ?” ಹೊರಗಿನಿಂದ ಯಾರೋ ಕೂಗಿದರು.

ಪಾರ್ವತೆಮ್ಮ ಟಾಕನ್ನು ಮುಟ್ಟಲಿಲ್ಲ. ಹೆಬ್ಬೆರಳನ್ನು ದೌತಿಯೊಳಗೆ ಅದ್ದಿದಳು.

“ಹೆಬ್ಬಟ್ಟು ಒತ್ತತೀನಿ. ಓದಿ ಹೇಳು.”

“ಸಾಲಿ ಕಲ್ತಾಕಿ ನೀ! ಬರೀಲಿಕ್ಕ ಬರ್ತೈತಲ್ಲ?”

“ಇವತ್ತು ಬರೂದಿಲ್ಲ. ಅಂಗಳದಾಗ ಮಂದಿ ಕುಂತಾರ, ಅಲ್ಲೇ ಓದು.”

ರಮಜಾನಬಿ ಬಾಗಿಲಿಗೆ ಬಂದು ನಿಂತಳು. “ಭಜನಿ ನಿಂದರಸ್ರೆಪಾ. ಹಂಪಣ್ಣ ಏನೋ ಓದ್ತಾನಂತ.”

ತಾಳ ನಿಂತಿತು. ಹೊಸ್ತಿಲಲ್ಲಿ ಹಂಪಣ್ಣ ಕಾಗದ ಬಿಚ್ಚಿದ, ಮಂದಿಯತ್ತ ನೋಡಿ ಮತ್ತೆ ಮಡಚಿದ. ಅವನೆದುರು ಪಾರ್ವತೆಮ್ಮ ಎತ್ತಿ ಹಿಡಿದ ಹೆಬ್ಬೆರಳಿನಿಂದ ಮಸಿ ಮುಂಗೈಗಿಳಿದು, ಬಳೆ ದಾಟಿ, ಮೊಣಕೈಯತ್ತ ಹರಿಯುತ್ತಿತ್ತು.